ಐದು ವ್ಯಾಟ್‌ನ ವಾಲ್ವ್ ಆಂಪ್ಲಿಫೈಯರ್ ಮನೇಲೇ ಕಟ್ಟೋದು ಹೇಗೆ: ಟ್ರಾನ್ಸ್‌ಫಾರ್ಮರ್ ವೈಂಡಿಂಗ್‌ನಿಂದ ಮಾವಿನ ಮರದ ಸ್ಪೀಕರ್ ಫ್ರೇಮ್‌ವರೆಗೆ

ವಾಲ್ವ್ ಆಂಪ್ಲಿಫೈಯರ್ (ಟ್ರಾನ್ಸಿಸ್ಟರ್ ಬದಲು ಹಳೇ ರೇಡಿಯೋದಲ್ಲಿರೋ ಥರದ ಗಾಜಿನ ವಾಲ್ವ್ ಹಾಕಿರೋ ಆಂಪ್) ಕಟ್ಟೋಕೆ ನಮ್ಮ ಕೋಲಾರದ ಕಡೆಯವರಿಗೆ ಇರೋ ಅನುಕೂಲ ಬೇರೆಯವರಿಗೆ ಕಡಿಮೆ, ಯಾಕಂದ್ರೆ ಇಲ್ಲಿ ಎಲ್ಲಿ ನೋಡಿದ್ರೂ ಬೋರ್‌ವೆಲ್ ಮೋಟಾರ್ ವೈಂಡಿಂಗ್ ಅಂಗಡಿ, ವಾಲ್ವ್ ಆಂಪ್‌ನ ಸೌಂಡ್ ಕ್ವಾಲಿಟಿ ನಿಂತಿರೋದು ಮುಕ್ಕಾಲು ಪಾಲು ಟ್ರಾನ್ಸ್‌ಫಾರ್ಮರ್ ಮೇಲೆ. ಎಲ್ಲರೂ ವಾಲ್ವ್ ಯಾವ ಬ್ರ್ಯಾಂಡು, ಕಂಡೆನ್ಸರ್ (ಕೆಪಾಸಿಟರ್) ಯಾವ ಬ್ರ್ಯಾಂಡು ಅಂತ ತಲೆ ಕೆಡಿಸ್ಕೊಂಡು ದುಡ್ಡು ಸುರೀತಾರೆ. ನನ್ನ ಪ್ರಕಾರ ಆ ದುಡ್ಡನ್ನ ವಾಲ್ವ್‌ಗೂ ಸ್ಪೀಕರ್‌ಗೂ ನಡುವೆ ಬರೋ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೂ ಸ್ಪೀಕರ್‌ಗೂ ಹಾಕ್ಬೇಕು, ವಾಲ್ವ್ ಸಾಧಾರಣದ್ದೇ ಆದ್ರೂ ನಡಿಯತ್ತೆ.

ಇಲ್ಲಿ ಹೇಳ್ತಿರೋದು ಒಂದೇ ಚಾನೆಲ್‌ನ ಮೋನೋ ಆಂಪ್. ಎರಡೇ ವಾಲ್ವ್: ಮೊದಲ ಹಂತಕ್ಕೆ ಒಂದು ಇಸಿಸಿ83 (ECC83), ಸ್ಪೀಕರ್ ಓಡಿಸೋಕೆ ಒಂದು ಇಎಲ್84 (EL84), ಅಷ್ಟೇ. ಔಟ್‌ಪುಟ್ ಐದು ವ್ಯಾಟ್ ಆಸುಪಾಸು. 1950ರ ದಶಕದಲ್ಲಿ ಮಲ್ಲಾರ್ಡ್ ಕಂಪನಿಯವರು ಮನೇಲಿ ಕಟ್ಟೋರಿಗೆ ಅಂತ ಮೂರು ವಾಲ್ವ್, ಮೂರು ವ್ಯಾಟ್‌ನ ಸರ್ಕ್ಯೂಟ್ ಒಂದನ್ನ ಕೊಟ್ಟಿದ್ರು, ಇದೂ ಅದೇ ಜಾತಿಯದ್ದು, ಇನ್ನೂ ಸರಳ.

ಶುರು ಮಾಡೋ ಮುಂಚೆ ಒಂದು ಮಾತು, ದಯವಿಟ್ಟು ಇದನ್ನ ಬಿಟ್ಟು ಮುಂದೆ ಹೋಗ್ಬೇಡಿ. ಇದರೊಳಗೆ 280 ವೋಲ್ಟ್ ಡಿಸಿ ಇರತ್ತೆ, ಸ್ವಿಚ್ ಆಫ್ ಮಾಡಿದ ಮೇಲೂ ಕಂಡೆನ್ಸರ್‌ನಲ್ಲಿ ಉಳ್ಕೊಂಡಿರತ್ತೆ, ಅದು ಪ್ರಾಣ ತೆಗೆಯುವಂಥದ್ದು. ಪ್ಲಗ್ ಕಿತ್ತು, ಎರಡು ನಿಮಿಷ ಕಾದು, ಮೀಟರ್ ಇಟ್ಟು 10 ವೋಲ್ಟ್‌ಗಿಂತ ಕಡಿಮೆ ಇದೆ ಅಂತ ಕಣ್ಣಾರೆ ನೋಡಿ ಆಮೇಲೇನೇ ಕೈ ಹಾಕ್ಬೇಕು. ಕರೆಂಟ್ ಇರುವಾಗ ಅಳೀಬೇಕಾದ್ರೆ ಮೀಟರ್‌ನ ಕಪ್ಪು ವೈರಿಗೆ ಕ್ರೊಕೊಡೈಲ್ ಕ್ಲಿಪ್ ಹಾಕಿ ಚಾಸಿಗೆ (ಆಂಪ್ ಕಟ್ಟಿರೋ ಲೋಹದ ತಟ್ಟೆಗೆ) ಕಚ್ಚಿಸಿ, ಎಡಗೈ ಬೆನ್ನ ಹಿಂದೆ, ಬಲಗೈಲಿ ಮಾತ್ರ ಕೆಂಪು ಪ್ರೋಬ್. ಕಾಲಲ್ಲಿ ರಬ್ಬರ್ ಚಪ್ಪಲಿ ಇರ್ಲಿ. ಮೀಟರ್ ಹಿಡಿಯೋದೇ ಹೊಸದು ಅನ್ನೋರು ಮೊದಲು 12 ವೋಲ್ಟ್ ಕಿಟ್ ಒಂದೆರಡು ಕಟ್ಟಿ ಕೈ ಪಳಗಿಸ್ಕೊಂಡು ಬನ್ನಿ, ಅವಸರ ಏನೂ ಇಲ್ಲ.

ವಾಲ್ವ್ ಎಲ್ಲಿ ತಗೊಳೋದು

ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) 1954ರಲ್ಲಿ ಶುರುವಾದ ಕಂಪನಿ, 1960ರ ದಶಕದಲ್ಲಿ ರೇಡಿಯೋ ವಾಲ್ವ್‌ಗಳನ್ನ ಅಲ್ಲೇ ಮಾಡ್ತಿದ್ರು, ಅದಕ್ಕೇ ನಮ್ಮ ಕಡೆ ಹಳೇ ರೇಡಿಯೋಗಳಲ್ಲಿ ಬಿಇಎಲ್ ಅಂತ ಬರೆದಿರೋ ಇಎಲ್84 ಈಗಲೂ ಸಿಗ್ತವೆ, ಬಹಳ ಒಳ್ಳೇ ವಾಲ್ವ್. ಕೆಜಿಎಫ್‌ಗಂತೂ 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂದಿತ್ತು, ಆ ಕಡೆ ಹಳೇ ಮನೆ ಖಾಲಿ ಮಾಡುವಾಗ ಅಟ್ಟದ ಮೇಲಿನ ರೇಡಿಯೋ ಬಗ್ಗೆ ಕೇಳಿ ನೋಡಿ. ಇಲ್ಲಾಂದ್ರೆ ಬಂಗಾರಪೇಟೆಯಿಂದ ಟ್ರೇನ್ ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ರೆಸಿಸ್ಟರ್, ಕಂಡೆನ್ಸರ್, ಟ್ಯಾಗ್ ಸ್ಟ್ರಿಪ್ (ಬಿಡಿಭಾಗಗಳ ಕಾಲು ಸಾಲ್ಡರ್ ಮಾಡೋ ಪಟ್ಟಿ) ಎಲ್ಲಾ ಅಲ್ಲೇ ಆಗತ್ತೆ. ಹಳೇ ವಾಲ್ವ್ ನಂಬಿಕೆ ಇಲ್ದಿದ್ರೆ ಸ್ಲೊವಾಕಿಯಾದ ಜೆಜೆ ಕಂಪನಿಯ ಹೊಸ ವಾಲ್ವ್ ಆನ್‌ಲೈನ್‌ನಲ್ಲಿ ಸಿಗತ್ತೆ. 6ಬಿಕ್ಯೂ5 ಅಂದ್ರೂ ಇಎಲ್84 ಒಂದೇ, 12ಎಎಕ್ಸ್7 ಅಂದ್ರೂ ಇಸಿಸಿ83 ಒಂದೇ.

ವಾಲ್ವ್ ಮೇಲಿನ ಮೊದಲ ಅಕ್ಷರ ಮಾತ್ರ ಕನ್ನಡಕ ಹಾಕ್ಕೊಂಡು ನೋಡಿ. ಇ ಅಂದ್ರೆ ಹೀಟರ್ (ವಾಲ್ವ್ ಒಳಗೆ ಬಿಸಿಯಾಗೋ ತಂತಿ) 6.3 ವೋಲ್ಟ್. ಯು ಅಂತ ಇದ್ರೆ ಅದು ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ-ಡಿಸಿ ರೇಡಿಯೋದ್ದು, ಯುಎಲ್84 ನೋಡೋಕೆ ಇಎಲ್84 ಥರಾನೇ ಇದ್ರೂ ಅದರ ಹೀಟರ್‌ಗೆ 45 ವೋಲ್ಟ್ ಬೇಕು, ನಮ್ಮ ಕೆಲಸಕ್ಕೆ ಬರಲ್ಲ. ಹಾಗೇ ಅಂಥಾ ರೇಡಿಯೋ ಮನೇಲಿ ಇದ್ರೆ ಅದರ ಚಾಸಿ ನೇರವಾಗಿ ಮೇನ್ಸ್‌ಗೆ ಸೇರಿರತ್ತೆ, ಹಿಂದಿನ ಕಾರ್ಡ್‌ಬೋರ್ಡ್ ತೆಗೆದು ಮುಟ್ಟೋಕೆ ಹೋಗ್ಬೇಡಿ, ಅದರಿಂದ ತಂತಿ ಎಳೆದು ಫೋನ್ ಸೇರಿಸೋದಂತೂ ಬೇಡವೇ ಬೇಡ.

ವೈಂಡಿಂಗ್ ಅಂಗಡೀಲಿ

ಎರಡು ಟ್ರಾನ್ಸ್‌ಫಾರ್ಮರ್ ಬೇಕು. ಪವರ್ ಟ್ರಾನ್ಸ್‌ಫಾರ್ಮರ್ ಸುಲಭ: ಪ್ರೈಮರಿ 230 ವೋಲ್ಟ್, ಸೆಕೆಂಡರಿ ಒಂದು 200 ವೋಲ್ಟ್ 150 ಮಿಲಿಆಂಪ್, ಇನ್ನೊಂದು 6.3 ವೋಲ್ಟ್ 2 ಆಂಪ್. ಇಷ್ಟು ಚೀಟೀಲಿ ಬರೆದು ಕೊಟ್ರೆ ಸ್ಟೆಬಿಲೈಸರ್ ಮಾಡಿ ಗೊತ್ತಿರೋ ಯಾವ ಮೇಸ್ತ್ರಿನಾದ್ರೂ ಸುತ್ತಿಕೊಡ್ತಾರೆ. ಪ್ರೈಮರಿಗೂ ಸೆಕೆಂಡರಿಗೂ ಮಧ್ಯೆ ಇನ್ಸುಲೇಷನ್ ಪೇಪರ್ ಧಾರಾಳವಾಗಿ ಹಾಕೋಕೆ ಹೇಳಿ.

ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ವಿಷ್ಯದಲ್ಲಿ ಮಾತ್ರ ಪಕ್ಕದಲ್ಲೇ ಕೂತ್ಕೋಬೇಕು. ಇಎಲ್84ಗೆ ಸುಮಾರು 5 ಕೆ ಓಮ್ (ಕೆ ಅಂದ್ರೆ ಸಾವಿರ) ಲೋಡ್ ಬೇಕು, ನಮ್ಮ ಸ್ಪೀಕರ್ 8 ಓಮ್. 5000 ಭಾಗಿಸು 8, ಅದರ ವರ್ಗಮೂಲ 25. ಅಂದ್ರೆ ಸೆಕೆಂಡರಿಯ ಒಂದು ಸುತ್ತಿಗೆ ಪ್ರೈಮರಿ 25 ಸುತ್ತು. ಒಂದು ಇಂಚು ನಾಲಿಗೆ (ನಡುವಿನ ಕಾಲಿನ ಅಗಲ), ಒಂದೂಕಾಲು ಇಂಚು ಸ್ಟ್ಯಾಕ್ (ತಗಡುಗಳ ಒಟ್ಟು ದಪ್ಪ) ಇರೋ ಕೋರ್ ತಗೊಂಡು ಪ್ರೈಮರಿ 36 ಗೇಜ್‌ನಲ್ಲಿ 3000 ಸುತ್ತು, ಸೆಕೆಂಡರಿ 22 ಗೇಜ್‌ನಲ್ಲಿ 120 ಸುತ್ತು. ಇದನ್ನ ಒಂದೇ ಸಲ ಸುತ್ತಬಾರದು. ಮೊದಲು ಪ್ರೈಮರಿ 1500, ಅದರ ಮೇಲೆ ಸೆಕೆಂಡರಿ 120, ಅದರ ಮೇಲೆ ಅದೇ ದಿಕ್ಕಲ್ಲಿ ಪ್ರೈಮರಿಯ ಉಳಿದ 1500, ಕೊನೆಗೆ ಎರಡು ಪ್ರೈಮರಿ ಭಾಗಗಳನ್ನ ಸೀರೀಸ್‌ನಲ್ಲಿ ಸೇರಿಸೋದು. ಹೀಗೆ ಮಧ್ಯೆ ಕೂರಿಸಿದ್ರೆ ತಾಳದ ಸದ್ದು, ಪಿಟೀಲಿನ ಮೇಲಿನ ಸ್ವರಗಳೆಲ್ಲಾ ಮಂಕಾಗದೆ ಬರ್ತವೆ. ಒಂದೊಂದು ಲೇಯರ್‌ಗೂ ತೆಳು ಪೇಪರ್.

ಆಮೇಲೆ ಬರೋದೇ ಅಸಲಿ ವಿಷ್ಯ. ಮಾಮೂಲಿ ಟ್ರಾನ್ಸ್‌ಫಾರ್ಮರ್‌ನಲ್ಲಿ ಇ (E) ಮತ್ತು ಐ (I) ಆಕಾರದ ಕಬ್ಬಿಣದ ತಗಡು, ಅಂದ್ರೆ ಸ್ಟ್ಯಾಂಪಿಂಗ್‌ಗಳನ್ನ ಒಂದು ಈ ಕಡೆಯಿಂದ ಒಂದು ಆ ಕಡೆಯಿಂದ ತುಂಬ್ತಾರೆ. ಇದರಲ್ಲಿ ಹಾಗೆ ಮಾಡಿದ್ರೆ ಕೆಟ್ಟಿತು, ಯಾಕಂದ್ರೆ ಪ್ರೈಮರಿಯಲ್ಲಿ ಸದಾ 45-50 ಮಿಲಿಆಂಪ್ ಡಿಸಿ ಹರೀತಿರತ್ತೆ, ಕೋರ್ ತುಂಬಿ ಹೋಗಿ ಬಾಸ್ ಅನ್ನೋದೇ ಇರಲ್ಲ. ಅದಕ್ಕೇ ಎಲ್ಲಾ ಇ ಒಂದು ಕಡೆ, ಎಲ್ಲಾ ಐ ಇನ್ನೊಂದು ಕಡೆ, ಎರಡರ ನಡುವೆ 0.1 ಮಿಲಿಮೀಟರ್ ದಪ್ಪದ ಪೇಪರ್. ನಾನು ಮೇಸ್ತ್ರಿಗೆ ಹೇಳಿದ್ದು ಹೀಗೆ: "ಅಣ್ಣಾ, ಇದು ಸ್ಟೆಬಿಲೈಸರ್ ಥರ ಅಲ್ಲ, ಚೋಕ್ ಥರ ತುಂಬ್ಬೇಕು, ಗ್ಯಾಪ್ ಇರ್ಲಿ." ಹಳೇ ಟ್ಯೂಬ್‌ಲೈಟ್ ಚೋಕ್ ಕಂಡಿರೋ ಅವರಿಗೆ ಅಷ್ಟು ಸಾಕು, ತಕ್ಷಣ ಅರ್ಥ ಆಯ್ತು, "ಒಳಗೆ ಡಿಸಿ ಹೋಗತ್ತಾ ಸಾರ್" ಅಂತ ಅವರೇ ಕೇಳಿದ್ರು. ಬೋಲ್ಟ್ ಬಿಗಿ ಮಾಡಿ, ವಾರ್ನಿಷ್‌ನಲ್ಲಿ ಅದ್ದಿ ಚೆನ್ನಾಗಿ ಒಣಗಿಸ್ಬೇಕು, ಸರಿಯಾಗಿ ಒಣಗದಿದ್ರೆ ಸ್ಟ್ಯಾಂಪಿಂಗ್ ಅದಿರಿ ಟ್ರಾನ್ಸ್‌ಫಾರ್ಮರೇ ಹಾಡೋಕೆ ಶುರು ಮಾಡತ್ತೆ.

ಮನೆಗೆ ತರೋ ಮುಂಚೆ ಅಲ್ಲೇ ಮೆಗ್ಗರ್ (ಇನ್ಸುಲೇಷನ್ ಅಳೆಯೋ ಮೀಟರ್) ಇರತ್ತಲ್ಲ, ಮೋಟಾರ್‌ಗೆ ಹಾಕೋದು, ಅದರಲ್ಲಿ ಎರಡೂ ಟ್ರಾನ್ಸ್‌ಫಾರ್ಮರ್‌ನ ವೈಂಡಿಂಗ್‌ಗೂ ಕೋರ್‌ಗೂ ಮಧ್ಯೆ, ಪ್ರೈಮರಿಗೂ ಸೆಕೆಂಡರಿಗೂ ಮಧ್ಯೆ ಚೆಕ್ ಮಾಡಿಸಿ. ಮಲ್ಟಿಮೀಟರ್‌ನಲ್ಲಿ ಔಟ್‌ಪುಟ್ ಪ್ರೈಮರಿ 200ರಿಂದ 300 ಓಮ್ ಒಳಗೆ ತೋರಿಸ್ಬೇಕು.

ಚಾಸಿ

2 ಮಿಲಿಮೀಟರ್ ಅಲ್ಯೂಮಿನಿಯಂ ಶೀಟ್ ಸಾಕು, ಫ್ಯಾಬ್ರಿಕೇಷನ್ ಅಂಗಡೀಲಿ ಬಗ್ಗಿಸಿಕೊಡ್ತಾರೆ. ಪವರ್ ಟ್ರಾನ್ಸ್‌ಫಾರ್ಮರ್ ಒಂದು ತುದಿಗೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇನ್ನೊಂದು ತುದಿಗೆ, ಒಂದರ ಕೋರ್ ಇನ್ನೊಂದಕ್ಕೆ ಅಡ್ಡಡ್ಡ ಇರೋ ಹಾಗೆ ಕೂರಿಸಿ, ಇಲ್ಲಾಂದ್ರೆ ಪವರ್ ಟ್ರಾನ್ಸ್‌ಫಾರ್ಮರ್‌ನ ಹಮ್ (ಗುಂಯ್ ಅನ್ನೋ ಮೇನ್ಸ್ ಸದ್ದು) ಗಾಳೀಲೇ ಹಾರಿ ಔಟ್‌ಪುಟ್‌ಗೆ ಸೇರ್ಕೊಳತ್ತೆ. ಬೋಲ್ಟ್ ಹಾಕೋ ಮುಂಚೆ ಪರೀಕ್ಷೆ ಮಾಡ್ಬಹುದು: ಔಟ್‌ಪುಟ್ ಸೆಕೆಂಡರಿಗೆ ಹೆಡ್‌ಫೋನ್ ಸೇರಿಸಿ, ಪವರ್ ಟ್ರಾನ್ಸ್‌ಫಾರ್ಮರ್‌ಗೆ ಮಾತ್ರ ಮೇನ್ಸ್ ಕೊಟ್ಟು, ಅದರ ಸೆಕೆಂಡರಿ ತುದಿಗಳಿಗೆಲ್ಲಾ ಟೇಪ್ ಸುತ್ತಿಟ್ಟು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ನಿಧಾನಕ್ಕೆ ತಿರುಗಿಸ್ತಾ ಹೋಗಿ, ಒಂದು ಕೋನದಲ್ಲಿ ಗುಂಯ್ ಅನ್ನೋದು ಪೂರ್ತಿ ನಿಲ್ಲತ್ತೆ. ಆ ಜಾಗದಲ್ಲಿ ಗುರುತು ಹಾಕಿ.

ಮೇನ್ಸ್‌ಗೆ ಮೂರು ಪಿನ್ ಪ್ಲಗ್ಗೇ ಆಗ್ಬೇಕು, ಹಸಿರು ವೈರ್ ನೇರ ಚಾಸಿಗೆ ಬೋಲ್ಟ್. ಫೇಸ್‌ನಲ್ಲಿ ಅರ್ಧ ಆಂಪ್ ಸ್ಲೋ ಬ್ಲೋ ಫ್ಯೂಸ್, ಆಮೇಲೆ ಸ್ವಿಚ್. ನಮ್ಮ ಬಯಲುಸೀಮೆ ಮಣ್ಣು ಬೇಸಿಗೇಲಿ ಒಣಗಿ ಬಿರುಕು ಬಿಡತ್ತೆ, ಅರ್ಥಿಂಗ್ ಗುಂಡಿ ಸತ್ತಿರತ್ತೆ. ಸಾಕೆಟ್‌ನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ಮಧ್ಯೆ ಅಳೆದು ನೋಡಿ, ಒಂದೆರಡು ವೋಲ್ಟ್ ಮೀರಿ ತೋರಿಸಿದ್ರೆ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅದನ್ನ ಸರಿ ಮಾಡ್ಸಿ, ಗುಂಡಿಗೆ ನೀರು ಬಿಡಿ.

ವೈರಿಂಗ್

ಪಿಸಿಬಿ ಬೇಡ, ಟ್ಯಾಗ್ ಸ್ಟ್ರಿಪ್ ಮೇಲೆ ಕಾಲಿಗೆ ಕಾಲು ಸಾಲ್ಡರ್ ಮಾಡೋದು. ರಿಪೇರಿಗೂ ಸುಲಭ, ಕಲಿಯೋಕೂ ಸುಲಭ. ಎಲ್ಲಕ್ಕಿಂತ ಮೊದಲು ಹೀಟರ್ ವೈರ್. ಎರಡು ವೈರ್ ಬಿಗಿಯಾಗಿ ಹೆಣೆದು ಚಾಸಿ ಮೂಲೆಗೆ ಒತ್ತಿ ತಗೊಂಡು ಹೋಗಿ. ಇಎಲ್84ರಲ್ಲಿ ಪಿನ್ 4 ಮತ್ತು 5. ಇಸಿಸಿ83ರಲ್ಲಿ 4 ಮತ್ತು 5 ಒಟ್ಟಿಗೆ ಸೇರಿಸಿ ಒಂದು ವೈರ್, ಪಿನ್ 9ಕ್ಕೆ ಇನ್ನೊಂದು. ಹೀಟರ್‌ನ ಎರಡೂ ವೈರ್‌ನಿಂದ ನೂರು ನೂರು ಓಮ್ ರೆಸಿಸ್ಟರ್ ಗ್ರೌಂಡ್‌ಗೆ. ಈ ಎರಡು ಚಿಕ್ಕ ರೆಸಿಸ್ಟರ್ ಬಿಟ್ಟುಬಿಟ್ಟು ಹಮ್ ಹಮ್ ಅಂತ ಪರದಾಡೋರು ತುಂಬಾ ಜನ.

ಪವರ್ ಸಪ್ಲೈಗೆ 200 ವೋಲ್ಟ್ ವೈಂಡಿಂಗ್‌ನಿಂದ ನಾಲ್ಕು 1ಎನ್4007 ಡಯೋಡ್ ಬ್ರಿಡ್ಜ್, ಆಮೇಲೆ 47 ಮೈಕ್ರೋಫ್ಯಾರಡ್ ಕಂಡೆನ್ಸರ್, ಆಮೇಲೆ 220 ಓಮ್ 5 ವ್ಯಾಟ್ ರೆಸಿಸ್ಟರ್, ಆಮೇಲೆ 100 ಮೈಕ್ರೋಫ್ಯಾರಡ್. ಇಲ್ಲಿಂದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೆ ಒಂದು ವೈರ್, ಇಎಲ್84ರ ಸ್ಕ್ರೀನ್ ಪಿನ್ 9ಕ್ಕೆ 100 ಓಮ್ ಮೂಲಕ ಇನ್ನೊಂದು. ಅಲ್ಲಿಂದಲೇ 22 ಕೆ ರೆಸಿಸ್ಟರ್, 22 ಮೈಕ್ರೋಫ್ಯಾರಡ್, ಅದು ಇಸಿಸಿ83ಗೆ. ಮೊದಲ ಕಂಡೆನ್ಸರ್‌ಗೆ ಅಡ್ಡಲಾಗಿ 100 ಕೆ 2 ವ್ಯಾಟ್ ರೆಸಿಸ್ಟರ್ ಹಾಕಿ, ಆಫ್ ಮಾಡಿದ ಮೇಲೆ ಚಾರ್ಜ್ ಖಾಲಿ ಮಾಡೋದು ಇದೇ. ಪವರ್ ಸಪ್ಲೈನ ಈ ಮೂರೂ ಕಂಡೆನ್ಸರ್ 450 ವೋಲ್ಟ್‌ದೇ ಇರ್ಲಿ. 280 ವೋಲ್ಟ್‌ಗೆ 350ರದ್ದು ಸಾಕಲ್ವಾ ಅಂತ ಅಂಗಡಿಯವರು ಹೇಳ್ಬಹುದು, ಆದ್ರೆ ವಾಲ್ವ್ ಬಿಸಿ ಆಗೋವರೆಗೂ ಲೋಡೇ ಇರಲ್ಲ, ಜೊತೆಗೆ ಮಧ್ಯರಾತ್ರಿ ಹಳ್ಳಿ ಕಡೆ ಮೇನ್ಸ್ 250ಕ್ಕೆ ಏರಿದ್ರೆ 330-340 ವೋಲ್ಟ್ ತನಕ ಹೋಗತ್ತೆ.

ಸಿಗ್ನಲ್ ಬರೋ ದಾರಿ ಹೀಗೆ. ಇನ್‌ಪುಟ್‌ನಿಂದ 100 ಕೆ ಲಾಗ್ ವಾಲ್ಯೂಮ್ ಕಂಟ್ರೋಲ್, ಅದರ ನಡುವಿನ ಕಾಲಿನಿಂದ 10 ಕೆ ಮೂಲಕ ಇಸಿಸಿ83 ಪಿನ್ 2. ಪಿನ್ 3 ಕ್ಯಾಥೋಡ್, 1.5 ಕೆ ಗ್ರೌಂಡ್‌ಗೆ. ಪಿನ್ 1 ಪ್ಲೇಟ್, 100 ಕೆ ಎಚ್.ಟಿ.ಗೆ (ಅಂದ್ರೆ ಹೆಚ್ಚಿನ ವೋಲ್ಟೇಜ್ ಲೈನ್, ಇಲ್ಲಿ 22 ಮೈಕ್ರೋಫ್ಯಾರಡ್‌ನ ಪ್ಲಸ್). ಪಿನ್ 1ರಿಂದಲೇ 0.022 ಮೈಕ್ರೋಫ್ಯಾರಡ್ 630 ವೋಲ್ಟ್ ಕಂಡೆನ್ಸರ್, ಅದರ ಇನ್ನೊಂದು ತುದಿಯಿಂದ 470 ಕೆ ಗ್ರೌಂಡ್‌ಗೆ, ಅದೇ ತುದಿಯಿಂದ 2.2 ಕೆ ಮೂಲಕ ಇಎಲ್84 ಪಿನ್ 2. ಈ 2.2 ಕೆ ಸಾಕೆಟ್ ಕಾಲಿಗೇ ಅಂಟ್ಕೊಂಡಿರ್ಬೇಕು, ದೂರ ಇದ್ರೆ ವಾಲ್ವ್ ತಾನೇ ಆಸಿಲೇಟ್ ಆಗತ್ತೆ. ಇಎಲ್84 ಪಿನ್ 3 ಕ್ಯಾಥೋಡ್, 150 ಓಮ್ 2 ವ್ಯಾಟ್, ಅದಕ್ಕೆ ಪ್ಯಾರಲಲ್ 220 ಮೈಕ್ರೋಫ್ಯಾರಡ್ 25 ವೋಲ್ಟ್. ಪಿನ್ 7 ಪ್ಲೇಟ್, ಔಟ್‌ಪುಟ್ ಪ್ರೈಮರಿಯ ಇನ್ನೊಂದು ತುದಿಗೆ. ಇಸಿಸಿ83ರ ಉಳಿದ ಅರ್ಧ, ಅಂದ್ರೆ 6, 7, 8, ಸದ್ಯಕ್ಕೆ ಗ್ರೌಂಡ್‌ಗೆ ಕಟ್ಟಿಬಿಡಿ.

ಎಲ್ಲಾ ಗ್ರೌಂಡ್‌ಗಳನ್ನ ಸಿಕ್ಕಸಿಕ್ಕ ಕಡೆ ಚಾಸಿಗೆ ಸಾಲ್ಡರ್ ಮಾಡ್ಬೇಡಿ. ಒಂದೇ ಜಾಗ, ಎರಡನೇ ಫಿಲ್ಟರ್ ಕಂಡೆನ್ಸರ್‌ನ ಮೈನಸ್ ಹತ್ರ, ಎಲ್ಲವೂ ಅಲ್ಲಿಗೇ ಬರ್ಲಿ, ಅಲ್ಲಿಂದ ಚಾಸಿಗೆ ಒಂದೇ ವೈರ್. ಬ್ರಿಡ್ಜ್‌ನ ಮೈನಸ್ ಮಾತ್ರ ಮೊದಲ ಕಂಡೆನ್ಸರ್ ಕಾಲಿಗೆ ನೇರ ಹೋಗಿ ಅಲ್ಲಿಂದ ಈ ಜಾಗಕ್ಕೆ ಬರ್ಬೇಕು.

ಮೊದಲ ಸಲ ಆನ್ ಮಾಡೋದು

ಮೋಟಾರ್ ರಿಪೇರಿಯವರ ಹತ್ರ ಇರೋ ಸೀರೀಸ್ ಟೆಸ್ಟಿಂಗ್ ಬೋರ್ಡ್ (ಮೇನ್ಸ್ ದಾರೀಲಿ ಸೀರೀಸ್ ಆಗಿ ಬಲ್ಬ್ ಇರೋದು) ಒಂದು ಮಾಡ್ಕೊಳ್ಳಿ, 60 ವ್ಯಾಟ್‌ನ ಹಳೇ ಬುರುಡೆ ಬಲ್ಬ್, ಎಲ್‌ಇಡಿ ಅಲ್ಲ. ವಾಲ್ವ್ ಹಾಕದೇ ಅದರ ಮೂಲಕ ಆನ್ ಮಾಡಿ. ಬಲ್ಬ್ ಒಂದು ಸಲ ಮಿನುಗಿ ಮಂಕಾಗ್ಬೇಕು. ಜೋರಾಗಿ ಉರೀತಾನೇ ಇದ್ರೆ ಎಲ್ಲೋ ಶಾರ್ಟ್, ಡಯೋಡ್ ಉಲ್ಟಾ ಇದ್ಯಾ, ಕಂಡೆನ್ಸರ್ ಪ್ಲಸ್ ಮೈನಸ್ ಸರಿ ಇದ್ಯಾ ನೋಡಿ. ಎಲ್ಲಾ ಸರಿ ಇದ್ರೆ ಆಫ್ ಮಾಡಿ, ಬಲ್ಬ್ ತೆಗೆದು, ನೇರ ಮೇನ್ಸ್‌ನಲ್ಲಿ ವೋಲ್ಟೇಜ್ ಅಳೀರಿ, ಹೀಟರ್ ಆರೂವರೆ ಏಳು ತೋರಿಸಿದ್ರೂ ಗಾಬರಿ ಬೇಡ, ವಾಲ್ವ್ ಹಾಕಿದ ಮೇಲೆ ಇಳಿಯತ್ತೆ.

ಈಗ ಔಟ್‌ಪುಟ್‌ಗೆ 8 ಓಮ್ ಸ್ಪೀಕರ್, ಅಥ್ವಾ 8 ಓಮ್ 10 ವ್ಯಾಟ್ ರೆಸಿಸ್ಟರ್ ಸೇರಿಸಿ. ಲೋಡ್ ಇಲ್ದೆ ವಾಲ್ವ್ ಆಂಪ್ ಓಡಿಸ್ಬಾರದು, ಪ್ರೈಮರಿಯಲ್ಲಿ ಸಾವಿರಾರು ವೋಲ್ಟ್ ಎದ್ದು ಇನ್ಸುಲೇಷನ್ ಒಡೆದುಹೋಗತ್ತೆ. ಎರಡೂ ವಾಲ್ವ್ ಹಾಕಿ ಆನ್ ಮಾಡಿ. ಹತ್ತು ಹದಿನೈದು ಸೆಕೆಂಡ್‌ನಲ್ಲಿ ಹೀಟರ್ ಕೆಂಪಗೆ ಕಾಣತ್ತೆ, ಅರ್ಧ ನಿಮಿಷಕ್ಕೆ ಓದೋಕೆ ಶುರು ಮಾಡಿ. ಮೊದಲು ನೋಡ್ಬೇಕಾದ್ದು ಇಎಲ್84 ಕ್ಯಾಥೋಡ್: 7ರಿಂದ 7.5 ವೋಲ್ಟ್. ಅಂದ್ರೆ 150 ಓಮ್‌ನಲ್ಲಿ ಸುಮಾರು 50 ಮಿಲಿಆಂಪ್, ಸರಿಯಾಗಿದೆ. 8 ದಾಟಿದ್ರೆ 180 ಓಮ್ ಹಾಕಿ, ಈ ವಾಲ್ವ್‌ನ ಪ್ಲೇಟ್ ತಡ್ಕೊಳೋದು 12 ವ್ಯಾಟ್, ಮೀರಿದ್ರೆ ಪ್ಲೇಟೇ ಕೆಂಪಾಗತ್ತೆ. ನಿಧಾನಕ್ಕೆ ವೋಲ್ಟೇಜ್ ಏರ್ತಾನೇ ಇದ್ರೆ 0.022 ಕಂಡೆನ್ಸರ್ ಲೀಕ್ ಅಥ್ವಾ ವಾಲ್ವ್ ಒಳಗೆ ಗ್ಯಾಸ್, ತಕ್ಷಣ ಆಫ್ ಮಾಡಿ. ಇಸಿಸಿ83 ಪ್ಲೇಟ್ 150-180 ಆಸುಪಾಸು, ಕ್ಯಾಥೋಡ್ ಒಂದೂಕಾಲು ಒಂದೂವರೆ ವೋಲ್ಟ್. ಹೀಟರ್ 5.7ರಿಂದ 6.9ರ ಒಳಗೆ. ಸಂಜೆ ಹೊತ್ತು ನಿಮ್ಮ ಕಡೆ ಮೇನ್ಸ್ 190ಕ್ಕೆ ಇಳಿಯೋದಾದ್ರೆ ಒಂದು ಸ್ಟೆಬಿಲೈಸರ್ ಬೇಕೇ ಬೇಕು, ಹೀಟರ್ ತಣ್ಣಗಿದ್ರೆ ವಾಲ್ವ್ ಆಯಸ್ಸು ಕಮ್ಮಿ ಆಗತ್ತೆ.

ಹಾಡು ಬಂತಾ? ಇನ್ನೊಂದು ರೆಸಿಸ್ಟರ್ ಬಾಕಿ ಇದೆ. ಔಟ್‌ಪುಟ್ ಸೆಕೆಂಡರಿಯ ಒಂದು ತುದಿ ಗ್ರೌಂಡ್‌ಗೆ, ಇನ್ನೊಂದು ತುದಿಯಿಂದ 47 ಕೆ ಮೂಲಕ ಇಸಿಸಿ83 ಪಿನ್ 3ಕ್ಕೆ. ಇದು ಫೀಡ್‌ಬ್ಯಾಕ್. ಸೇರಿಸಿದ ತಕ್ಷಣ ಸೌಂಡ್ ಸ್ವಲ್ಪ ಕಮ್ಮಿ ಆದ್ರೆ ಸರಿ, ಕೂಯ್ ಅಂತ ಕಿರುಚಿದ್ರೆ ಆಫ್ ಮಾಡಿ ಸೆಕೆಂಡರಿಯ ಎರಡು ವೈರ್ ಅದಲು ಬದಲು ಮಾಡಿ. ಫೀಡ್‌ಬ್ಯಾಕ್ ಇಲ್ದೆ ಕೇಳೋದೇ ಚಂದ ಅನ್ನೋರಿದ್ದಾರೆ. ನಂಗೆ ಹಾಗೆ ಅನ್ಸಲ್ಲ, ಇಎಲ್84 ಪೆಂಟೋಡ್ (ಐದು ಎಲೆಕ್ಟ್ರೋಡ್ ಇರೋ ವಾಲ್ವ್) ಆಗಿರೋದ್ರಿಂದ ಸ್ಪೀಕರ್ ಮೇಲೆ ಹಿಡಿತ ಕಮ್ಮಿ, ಮೃದಂಗದ ಎಡ ಭಾಗ ಊದ್ಕೊಂಡ ಹಾಗೆ ಕೇಳತ್ತೆ, 47 ಕೆ ಹಾಕಿದ್ರೆ ಗುಮ್ಕಿ (ಎಡ ಭಾಗದ ಜಾರೋ ನಾದ) ಎಲ್ಲಿ ಶುರು ಎಲ್ಲಿ ಮುಗೀತು ಅಂತ ಗೊತ್ತಾಗತ್ತೆ.

ಸ್ಪೀಕರ್

ಐದು ವ್ಯಾಟ್ ಸಾಕಾ ಅಂತ ಎಲ್ಲರೂ ಕೇಳ್ತಾರೆ. ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ 93 ಡೆಸಿಬಲ್ ಕೊಡೋ ಸ್ಪೀಕರ್ ಆದ್ರೆ ಐದು ವ್ಯಾಟ್‌ಗೆ 100 ಡೆಸಿಬಲ್ ಬರತ್ತೆ, ಪಕ್ಕದ ಮನೆಯವರು ಎದ್ದು ಬರ್ತಾರೆ. ಅದೇ 84 ಡೆಸಿಬಲ್‌ನ ಪುಟ್ಟ ಬುಕ್‌ಶೆಲ್ಫ್ ಸ್ಪೀಕರ್‌ಗೆ ಹಾಕಿದ್ರೆ ಸಪ್ಪೆ. ಹಾಗಾಗಿ 8 ಇಂಚಿನ, 8 ಓಮ್‌ನ, ಪೇಪರ್ ಕೋನ್ ಫುಲ್ ರೇಂಜ್ ತಗೊಳ್ಳಿ, 90 ಡೆಸಿಬಲ್ ಮೇಲಿರ್ಲಿ. ಹಳೇ ರೇಡಿಯೋ ಸ್ಪೀಕರ್ ಸಾಮಾನ್ಯವಾಗಿ 3-5 ಓಮ್ ಇರತ್ತೆ, ಅದನ್ನೇ ಬಳಸೋದಾದ್ರೆ ಸೆಕೆಂಡರಿ ಸುತ್ತು ಅದಕ್ಕೆ ತಕ್ಕಂತೆ ಮೊದಲೇ ಲೆಕ್ಕ ಹಾಕಿಸಿ, 4 ಓಮ್‌ಗೆ 85 ಸುತ್ತು.

ಡಬ್ಬ ಬೇಡ, ಹಿಂದೆ ತೆರೆದಿರೋ ಒಂದೇ ಹಲಗೆ, ಅಂದ್ರೆ ಓಪನ್ ಬ್ಯಾಫಲ್ ಮಾಡಿ. 19 ಮಿಲಿಮೀಟರ್ ಪ್ಲೈವುಡ್, ಎರಡಡಿ ಅಗಲ ಮೂರಡಿ ಎತ್ತರ, ತೂತು ನಟ್ಟನಡುವೆ ಬೇಡ, ಸ್ವಲ್ಪ ಪಕ್ಕಕ್ಕೆ ಸ್ವಲ್ಪ ಮೇಲಕ್ಕೆ, ಆಗ ಹಿಂದಿನ ಶಬ್ದ ಸುತ್ತಿ ಬರೋ ದೂರ ಎಲ್ಲಾ ಕಡೆ ಒಂದೇ ಆಗಲ್ಲ. 200-300 ಹರ್ಟ್ಸ್‌ನಿಂದ ಕೆಳಗೆ ಬಾಸ್ ನಿಧಾನಕ್ಕೆ ಇಳಿಯತ್ತೆ, ಮೂಲೆಗೆ ಹತ್ರ ಇಟ್ರೆ ಸ್ವಲ್ಪ ವಾಪಸ್ ಬರತ್ತೆ. ಫ್ರೇಮ್‌ಗೆ, ಕಾಲಿಗೆ ಮಾವಿನ ಮರ. ಶ್ರೀನಿವಾಸಪುರದ ಕಡೆ ಹಳೇ ತೋಪು ಕಡಿದಾಗ ಸಾಮಿಲ್‌ನಲ್ಲಿ ಕಮ್ಮಿ ರೇಟಿಗೆ ಸಿಗತ್ತೆ, ಕಂದು ಗೆರೆ ಬಹಳ ಚಂದ. ಆದ್ರೆ ಹಸಿ ಹಲಗೆ ತಂದು ಕೆಲಸ ಮಾಡಿದ್ರೆ ಸೊಟ್ಟ ಆಗತ್ತೆ, ಹುಳ ಬೇರೆ ಬೇಗ ಹಿಡಿಯತ್ತೆ. ನೆರಳಲ್ಲಿ ಪಟ್ಟಿ ಇಟ್ಟು ಪೇರಿಸಿ ಚೆನ್ನಾಗಿ ಒಣಗಿರೋದನ್ನೇ ಕೇಳಿ ತಗೊಳ್ಳಿ, ಹುಳದ ಔಷಧಿ ಬಳಿದು ಆಮೇಲೆ ಫ್ರೆಂಚ್ ಪಾಲಿಶ್. ಮುಂದಿನ ಬಟ್ಟೆಗೆ ಬಾಯಲ್ಲಿ ಊದಿದ್ರೆ ಗಾಳಿ ದಾಟೋವಷ್ಟು ಸಡಿಲ ನೇಯ್ಗೆಯ ಖಾದಿ ಸಾಕು.

ಕೇಳೋದು

ಫೋನ್‌ನಿಂದ ಹಾಕೋದಾದ್ರೆ ಲೆಫ್ಟ್ ರೈಟ್ ಎರಡನ್ನೂ ನೇರ ಸೇರಿಸ್ಬೇಡಿ, ಎರಡಕ್ಕೂ ಒಂದೊಂದು 4.7 ಕೆ ರೆಸಿಸ್ಟರ್ ಹಾಕಿ ಅದರಾಚೆ ಸೇರಿಸಿ. ಹಳೇ ರೆಕಾರ್ಡ್ ಪ್ಲೇಯರ್‌ನಲ್ಲಿ ಸೆರಾಮಿಕ್ ಕಾರ್ಟ್ರಿಜ್ ಇದ್ರೆ ನೇರ ಸೇರತ್ತೆ, ವಾಲ್ಯೂಮ್ ಕಂಟ್ರೋಲ್ ಮಾತ್ರ 1 ಮೆಗ್‌ದು ಇರ್ಬೇಕು, ಇಲ್ಲಾಂದ್ರೆ ಬಾಸೇ ಬರಲ್ಲ. ಮ್ಯಾಗ್ನೆಟಿಕ್ ಕಾರ್ಟ್ರಿಜ್‌ಗೆ ಬೇರೆ ಫೋನೋ ಪ್ರೀಆಂಪ್ ಬೇಕು. 78ರ ಪ್ಲೇಟ್‌ಗೆ ಎಲ್‌ಪಿ ಸೂಜಿ ಇಡ್ಬೇಡಿ, ಅದರ ಗ್ರೂವ್ ಅಗಲ, ಸೂಜಿ ತಳ ಸೇರಿ ಬರೀ ಗರಗರ.

ಮೊದಲು ಒಬ್ಬರೇ ಹಾಡಿರೋ ಅಥ್ವಾ ಒಂದೇ ವಾದ್ಯದ ಮೋನೋ ರೆಕಾರ್ಡಿಂಗ್ ಹಾಕಿ. ಪಿಟೀಲು ಚೌಡಯ್ಯನವರದ್ದು ಸಿಕ್ಕಿದ್ರೆ ಅದೇ ಪರೀಕ್ಷೆ, ಅವರದ್ದು ಏಳು ತಂತಿಯ ಪಿಟೀಲು, ಆ ದಪ್ಪ ನಾದ ಈ ಸ್ಪೀಕರ್‌ನಲ್ಲಿ ತುಂಬಿ ಬರ್ಬೇಕು, ತೆಳ್ಳಗೆ ಕೇಳಿದ್ರೆ ಬ್ಯಾಫಲ್‌ನ ಗೋಡೆಗೆ ಇನ್ನೊಂಚೂರು ಸರಿಸಿ. ವೀಣೆ ಹಾಕಿದ್ರೆ ಮೀಟು ಆದ ಮೇಲೆ ನಾದ ಕರಗಿ ಹೋಗೋದನ್ನ ಕೊನೇವರೆಗೂ ಹಿಂಬಾಲಿಸಿ, ಅದು ಅರ್ಧಕ್ಕೇ ಹಮ್‌ನಲ್ಲಿ ಮುಳುಗಿದ್ರೆ ಗ್ರೌಂಡ್ ವೈರಿಂಗ್ ಮತ್ತೆ ನೋಡೋದಿದೆ ಅಂತ ಅರ್ಥ. ವಾಲ್ಯೂಮ್ ಪೂರ್ತಿ ಕಮ್ಮಿ ಮಾಡಿದ್ರೂ ಹಮ್ ಇದ್ರೆ ತಪ್ಪಿರೋದು ಪವರ್ ಸಪ್ಲೈ ಅಥ್ವಾ ಹೀಟರ್ ಕಡೆ, ವಾಲ್ಯೂಮ್ ಜೊತೆ ಏರಿದ್ರೆ ಇನ್‌ಪುಟ್ ಕೇಬಲ್ ಕಡೆ.

ಒಂದು ತಿಂಗಳು ದಿನಾ ಕೇಳಿದ ಮೇಲೆ ಇಎಲ್84 ಕ್ಯಾಥೋಡ್ ವೋಲ್ಟೇಜ್ ಮತ್ತೊಮ್ಮೆ ಅಳೆದು ಚಾಸಿ ಒಳಗೆ ಪೆನ್ಸಿಲ್‌ನಲ್ಲಿ ತಾರೀಖು ಸಮೇತ ಬರೆದಿಡಿ. ಮುಂದೆ ಅದು 5 ವೋಲ್ಟ್ ಹತ್ರ ಇಳಿದು ಸೌಂಡೂ ಕುಗ್ಗಿದ್ರೆ ವಾಲ್ವ್ ಮುಗೀತಾ ಬಂತು ಅಂತ. ಸ್ಟೀರಿಯೋ ಬೇಕು ಅನ್ನಿಸಿದಾಗ ಇಸಿಸಿ83ರ ಉಳಿದ ಅರ್ಧ ಬಿಚ್ಚಿ ಪಿನ್ 6 ಪ್ಲೇಟ್, 7 ಗ್ರಿಡ್, 8 ಕ್ಯಾಥೋಡ್ ಅಂತ ಇದೇ ಸರ್ಕ್ಯೂಟ್ ಇನ್ನೊಂದು ಸಲ ಕಟ್ಟೋದು, ಇನ್ನೊಂದು ಇಎಲ್84, ಇನ್ನೊಂದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಆ ಯೋಚನೆ ಈಗಲೇ ಇದ್ರೆ ಪವರ್ ಟ್ರಾನ್ಸ್‌ಫಾರ್ಮರ್‌ನ 200 ವೋಲ್ಟ್ 250 ಮಿಲಿಆಂಪ್, 6.3 ವೋಲ್ಟ್ 3 ಆಂಪ್ ಅಂತ ಮೊದಲೇ ಸುತ್ತಿಸ್ಬಿಡಿ, 220 ಓಮ್ ಬದಲು 100 ಓಮ್ 5 ವ್ಯಾಟ್ ಹಾಕಿ, ಮತ್ತೆ ಮೇಸ್ತ್ರಿ ಹತ್ರ ಹೋಗೋ ಕೆಲಸ ಬರೀ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೆ ಮಾತ್ರ ಉಳಿಯತ್ತೆ.